ಓಲ್ಡ್ ಟೌನಿನ ಬಾವಲಿಗಳ ರಕ್ತ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದು ಮನೆಯ ಹಿತ್ತಲಲ್ಲಿ ಎರಡು ಮಳೆಮರಗಳಿವೆ. ಅವುಗಳಲ್ಲಿ ಹಗಲೆಲ್ಲ ದೊಡ್ಡ ಹಣ್ಣುಬಾವಲಿಗಳು ತಲೆಕೆಳಗಾಗಿ ನೇತಾಡುತ್ತವೆ. ಆ ವರ್ಷದ ಮೇ ತಿಂಗಳಲ್ಲಿ, ಬಿಸಿಲು ನೆತ್ತಿ ಸುಡುತ್ತಿದ್ದ ಎರಡು ಮಧ್ಯಾಹ್ನ, ಅವು ಮಾಗಿದ ಹಲಸಿನಂತೆ ಒಂದರ ಹಿಂದೊಂದು ಉದುರಿ ಸತ್ತವು. ಟಿ.ವಿ.ಯಲ್ಲಿ ಕೇರಳದ ನಿಪಾ ಜ್ವರದ ಸುದ್ದಿ ಬರುತ್ತಿದ್ದ ದಿನಗಳವು. ಬೀದಿಯವರು ಕಿಟಕಿ ಬಾಗಿಲು ಹಾಕಿಕೊಂಡು ಕೂತರು. ನನ್ನನ್ನು ಶಿವಮೊಗ್ಗದಿಂದ ಕರೆಸಿದರು.

ನಾನು ಪಶುವೈದ್ಯೆ. ಪಶುವೈದ್ಯ ಕಾಲೇಜಿನ ಮಕ್ಕಳಿಗೆ ಪಾಠ ಹೇಳುವುದು ಪ್ರಾಣಿಗಳ ರಕ್ತ ಪರೀಕ್ಷೆಯ ಬಗ್ಗೆ. ದನ, ನಾಯಿ, ಕುರಿಗಳ ರಕ್ತದ ಚೀಟಿ ಕೈಗೆ ಸಿಕ್ಕರೆ ಪ್ರಾಣಿಯ ಮುಖ ನೋಡದೆಯೇ ಕಾಯಿಲೆ ಹೇಳುತ್ತೇನೆ ಎಂಬ ಸೊಕ್ಕು ನನಗಿತ್ತು. ಬಿದ್ದರೂ ಉಸಿರಾಡುತ್ತಿದ್ದ ಒಂದು ಬಾವಲಿಯ ರೆಕ್ಕೆಯ ನರದಿಂದ ರಕ್ತ ತೆಗೆದುಕೊಂಡು ಹೋದೆ. ಮರುದಿನ ಚೀಟಿ ಹಿಡಿದು ಬಂದಾಗ ವಾರ್ಡಿನ ಸದಸ್ಯರು ಗೇಟಿನ ಆಚೆಯೇ ನಿಂತು, ಈ ಅಂಕಿಗಳು ಸರಿಯಿವೆಯೋ ಇಲ್ಲವೋ ಅಷ್ಟು ಹೇಳಿದರೆ ಸಾಕು ಎಂದರು.

ನನಗೆ ಹೇಳಲು ಬರಲಿಲ್ಲ. ಕೆಂಪುಕಣ ಇಷ್ಟು, ಬಿಳಿಕಣ ಇಷ್ಟು, ಸಕ್ಕರೆ ಇಷ್ಟು ಎಂದು ಯಂತ್ರ ಬರೆದುಕೊಟ್ಟಿತ್ತು. ಆರೋಗ್ಯವಾಗಿರುವ ಬಾವಲಿಯಲ್ಲಿ ಎಷ್ಟಿರಬೇಕು ಎಂಬುದು ಗೊತ್ತಿಲ್ಲದೆ ಆ ಅಂಕಿಗಳಿಗೆ ಬೆಲೆಯಿಲ್ಲ. ನನಗೆ ಸಿಕ್ಕ ಪಟ್ಟಿಗಳೆಲ್ಲ ಬೇರೆ ದೇಶದ, ಬೇರೆ ಜಾತಿಯ ಬಾವಲಿಗಳವು, ಇಲ್ಲವೇ ಮೃಗಾಲಯದಲ್ಲಿ ಹೊತ್ತು ಹೊತ್ತಿಗೆ ತಟ್ಟೆಯ ಹಣ್ಣು ತಿನ್ನುವಂಥವು. ಊರೂರು ಹಾರಿ ಅತ್ತಿಹಣ್ಣು ಹುಡುಕುವ ನಮ್ಮ ಬಾವಲಿಯನ್ನು ಆ ಪಟ್ಟಿಯಿಂದ ಅಳೆಯುವುದೆಂದರೆ ಪಕ್ಕದ ಮನೆಯವಳ ಅಳತೆಗೆ ನಮ್ಮ ರವಿಕೆ ಹೊಲಿಸಿದಂತೆ. ಈ ಮಾತು ನನ್ನದಲ್ಲ, ಆ ಮನೆಯ ಒಡತಿಯದು. ಆಕೆ ಟೈಲರ್.

ಟೈಲರಮ್ಮನಿಗೆ ಅರವತ್ತರ ಆಸುಪಾಸು. ಹೊಲಿಗೆ ಯಂತ್ರ ಇರುವುದು ಹಿತ್ತಲ ಕಡೆಯ ಶೀಟಿನ ಕೋಣೆಯಲ್ಲಿ, ಮಳೆಮರಗಳ ನೆರಳಿನಲ್ಲಿ. ಆ ನೆರಳಿಲ್ಲದಿದ್ದರೆ ಬೇಸಿಗೆಯಲ್ಲಿ ಅಲ್ಲಿ ಕೂರುವ ಮಾತೇ ಇಲ್ಲ. ಬಾವಲಿ ಬಿದ್ದ ಮೇಲೆ ಬೀದಿಯ ಹೆಂಗಸರು ಆಕೆಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದ್ದರು. ಮರ ಕಡಿಸಬೇಕೆಂದು ಅರ್ಜಿ ಹೋಗಿತ್ತು. ಕೊನೆಗೆ ಆದ ತೀರ್ಮಾನ ಇಷ್ಟು: ಈ ಸಲ ಬಿಡೋಣ, ಮುಂದಿನ ಬೇಸಿಗೆಯಲ್ಲಿ ಮತ್ತೆ ಬಿದ್ದರೆ ಎರಡೂ ಮರ ತೆಗೆಸುವುದು. ಟೈಲರಮ್ಮ ಅದಕ್ಕೆ ಸಹಿ ಹಾಕಿ ಬಂದು ನನ್ನ ಮುಂದೆ ಕೂತರು. "ನಿಮ್ಮ ಓದು ಇದಕ್ಕೆ ಆಗ್ಲಿಲ್ಲ ಅಂದ್ರೆ ಯಾವಾಗ ಆಗೋದು ಡಾಕ್ಟ್ರಮ್ಮ?" ಎಂದು ಕೇಳಿದರು. ನನಗೆ ಅವಮಾನವಾಯಿತು. ಅವಮಾನವಾದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಕೆಲಸ ಆಗುತ್ತದೆ. ಮಾಚೇನಹಳ್ಳಿ ದಾಟುವಷ್ಟರಲ್ಲಿ ಬಸ್ಸಿನಲ್ಲೇ ಯೋಜನೆಯ ಮೊದಲ ಪುಟ ಬರೆದು ಮುಗಿಸಿದ್ದೆ.

ಆರೋಗ್ಯವಾಗಿರುವ ಬಾವಲಿಗಳನ್ನು ಹಿಡಿದು, ಸ್ವಲ್ಪ ರಕ್ತ ತೆಗೆದು, ಬಿಟ್ಟುಬಿಡುವುದು. ಪ್ರತಿ ಅಂಶಕ್ಕೂ ಇಷ್ಟರಿಂದ ಇಷ್ಟರವರೆಗೆ ಸಹಜ ಎಂದು ಗೆರೆ ಎಳೆಯುವುದು. ನೂರಿಪ್ಪತ್ತು ಪ್ರಾಣಿಗಳಿದ್ದರೆ ಗೆರೆ ಗಟ್ಟಿಯಾಗಿ ನಿಲ್ಲುತ್ತದೆ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ನಲವತ್ತಕ್ಕಿಂತ ಕಡಿಮೆಯಾದರೆ ಪಟ್ಟಿ ಎಂದು ಕರೆಯಲು ಮುಖವಿರುವುದಿಲ್ಲ. ಇದರಿಂದ ನಿಪಾ ಇದೆಯೋ ಇಲ್ಲವೋ ಎಂದು ಹೇಳಲಾಗದು ಎಂಬುದನ್ನು ಮೊದಲೇ ಎಲ್ಲರಿಗೂ ಹೇಳಿದ್ದೆ. ಅದಕ್ಕೆ ಗಂಟಲಿನ ದ್ರವ, ಮೂತ್ರ ಬೇರೆ ಪ್ರಯೋಗಾಲಯಕ್ಕೆ ಹೋಗಬೇಕು. ಅದರ ವ್ಯವಸ್ಥೆಯನ್ನೂ ಮಾಡಿಕೊಂಡೆವು. ಕಾಡುಪ್ರಾಣಿಯಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಕೈಗೆ ಬಂದಾಗ ದಸರಾ ಕಳೆದಿತ್ತು. ನೂರಿಪ್ಪತ್ತು ಬಾವಲಿಗಳ ರಕ್ತ ತೆಗೆಯಬಹುದು, ಒಂದೂ ಹೆಚ್ಚಿಲ್ಲ, ಮಾರ್ಚ್ ಕೊನೆಗೆ ಮುಗಿಯಬೇಕು. ಆ ಕಾಗದದ ನಕಲನ್ನು ಪ್ರಯೋಗಾಲಯದ ಗೋಡೆಗೆ ಅಂಟಿಸಿದೆ.

ತಂಡ ಎಂದರೆ ನಾನು ಮತ್ತು ನಮ್ಮ ಪ್ರಯೋಗಾಲಯದ ಟೆಕ್ನಿಷಿಯನ್. ಅವರಿಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಮಿತಭಾಷಿ, ಆಡಿದ ಒಂದೆರಡು ಮಾತಿನಲ್ಲೂ ಕುಟುಕು ಇರುತ್ತಿತ್ತು. ಇಬ್ಬರೂ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಂಡೆವು. ಚರ್ಮದ ಕೈಗವಸು, ಮಾಸ್ಕ್, ಮುಖಕ್ಕೆ ಪ್ಲಾಸ್ಟಿಕ್ ಪರದೆ ಬಂದವು. ಆ ವೇಷದಲ್ಲಿ ನನ್ನನ್ನು ಮೊದಲ ಸಲ ನೋಡಿದ ಅವರು, ಬಾವಲಿ ನಮ್ಮನ್ನು ನೋಡಿಯೇ ಬೀಳುತ್ತದೆ, ಬಲೆ ಬೇಡ ಎಂದರು.

ಬಲೆ ಬೇಕಿತ್ತು, ಆದರೆ ಅದು ಮೇಲೇರಲಿಲ್ಲ. ಬೆಳಗಿನ ಜಾವ ಬಾವಲಿಗಳು ಮೇವು ಮುಗಿಸಿ ಮರಕ್ಕೆ ಮರಳುವುದು ಐವತ್ತು ಅಡಿ ಎತ್ತರದಲ್ಲಿ. ನಮ್ಮ ಬಿದಿರಿನ ಗಳಗಳು ಅದರ ಅರ್ಧಕ್ಕೆ ಬಳುಕಿ ವಾಲುತ್ತಿದ್ದವು. ಮೊದಲ ಎರಡು ವಾರ ಸಿಕ್ಕಿದ್ದು ಒಂದು ಕಾಗೆ, ಎರಡು ಗೂಬೆ, ಟೈಲರಮ್ಮನ ಒಣಹಾಕಿದ ಸೀರೆ. ಕೊನೆಗೆ ದಾರಿ ತೋರಿಸಿದವನು ಅಡಿಕೆ ಕೊನೆ ಇಳಿಸುವ ದೋಟಿಯವನು. ಈಗ ಅಡಿಕೆ ಮರ ಹತ್ತುವವರು ಕಡಿಮೆ. ನೆಲದಲ್ಲೇ ನಿಂತು, ಒಂದರೊಳಗೊಂದು ಸೇರುವ ಕಾರ್ಬನ್ ಫೈಬರ್ ಕೊಳವೆಗಳ ಉದ್ದನೆಯ ದೋಟಿಯಿಂದ ಕೊನೆ ಕೊಯ್ದು ಇಳಿಸುತ್ತಾರೆ. ಟೈಲರಮ್ಮನ ಹತ್ತಿರ ಪ್ಯಾಂಟ್ ಹೊಲಿಸಲು ಬಂದಿದ್ದ ಅವನು ನಮ್ಮ ಪಾಡು ನೋಡಿ ನಕ್ಕ. "ಅರವತ್ತಡಿ ಮೇಲಿನ ಕೊನೆ ಇಳಿಸ್ತೀವಿ ಮೇಡಂ, ಬಲೆ ಏರಿಸೋದು ಎಂಥ ದೊಡ್ಡ ವಿಷ್ಯ ಮಾರಾಯ್ರೆ" ಎಂದ.

ದೋಟಿಯ ತುದಿಯಲ್ಲಿರುವ ಕತ್ತಿಯ ಜಾಗದಲ್ಲಿ ಸಣ್ಣ ರಾಟೆ ಕೂರಬೇಕು, ಬುಡಕ್ಕೆ ನೆಲದಲ್ಲಿ ಗಟ್ಟಿ ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಬೇಕು. ಎರಡನ್ನೂ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆವು. ದೋಟಿಯವನು ಮೊದಲ ದಿನ ಬಂದವನೇ ಮರ ನೋಡಲಿಲ್ಲ, ಬಾವಲಿ ನೋಡಲಿಲ್ಲ, ಕರೆಂಟ್ ತಂತಿ ಎಲ್ಲೆಲ್ಲಿದೆ ಎಂದು ನೋಡಿದ. ಅವನ ಕಸುಬಿನಲ್ಲಿ ಅದೇ ಮೊದಲ ಪಾಠವಂತೆ, ದೋಟಿ ತಂತಿಗೆ ತಾಗಿದರೆ ಹಿಡಿದವನು ಉಳಿಯುವುದಿಲ್ಲ. ಎರಡು ದೋಟಿಗಳ ನಡುವೆ, ಧ್ವಜ ಏರಿಸುವಂತೆ, ಬಲೆ ಸರ್ರನೆ ಮೇಲೇರಿತು. ಮರುದಿನ ಬೆಳಗಿನ ಬೂದು ಬೆಳಕಿನಲ್ಲಿ ಮೂರು ಬಾವಲಿಗಳು ಒಟ್ಟಿಗೆ ಬಲೆಗೆ ಬಿದ್ದವು. ನಾವು ಮೂವರೂ ಹಬ್ಬ ಮಾಡಿದೆವು.

ಅಲ್ಲಿಂದ ಮುಂದೆ ಕೆಲಸಕ್ಕೆ ಒಂದು ಕ್ರಮ ಬಂತು. ಬಲೆಗೆ ಬಿದ್ದ ಪ್ರಾಣಿಯನ್ನು ತಕ್ಷಣ ಇಳಿಸಿ ಬಟ್ಟೆಯ ಚೀಲಕ್ಕೆ ಹಾಕುವುದು. ಚೀಲಗಳನ್ನು ಹಳೆಯ ಪಂಚೆಗಳಿಂದ ಹೊಲಿದುಕೊಟ್ಟವರು ಟೈಲರಮ್ಮ, ಬಾಯಿಗೆ ಲಾಡಿ ಬೇರೆ. ಹಿಡಿದ ಕ್ರಮದಲ್ಲಿ ನಂಬರು ಹಾಕಿ ಹಿತ್ತಲ ಜಗಲಿಯ ಹಗ್ಗಕ್ಕೆ ತೂಗುಹಾಕುವುದು. ಹಗ್ಗದ ಒಂದು ತುದಿ ಅಡುಗೆಮನೆಯ ಬಾಗಿಲ ಬಳಿ, ಇನ್ನೊಂದು ತುದಿ ನಲ್ಲಿಯ ಬಳಿ, ನಮ್ಮ ಮೇಜು ಇದ್ದಲ್ಲಿ. ಎರಡು ಗಂಟೆ ಹಾಗೇ ಬಿಡುವುದು. ಗಾಬರಿ ಇಳಿಯಲಿ, ರಾತ್ರಿ ತಿಂದ ಹಣ್ಣಿನ ಸಿಹಿ ರಕ್ತದಲ್ಲಿ ತಗ್ಗಲಿ ಎಂದು. ಅನಂತರ ತೂಕ, ಮುಂಗೈ ಅಳತೆ, ಗಂಡೋ ಹೆಣ್ಣೋ. ರೆಕ್ಕೆಯ ಮುಂದಿನ ಅಂಚಿನ ನರದಿಂದ ಎರಡು ಮಿಲಿ ರಕ್ತ. ಹತ್ತಿ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಕಾಲುಗುರಿಗೆ ಬಣ್ಣ. ನೇಲ್ ಪಾಲಿಶ್ ಹಚ್ಚಿದರೆ ಅದೇ ಬಾವಲಿ ಮತ್ತೆ ಸಿಕ್ಕಾಗ ಗೊತ್ತಾಗುತ್ತದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಗಾಢವಾದ ಬಣ್ಣ ಕೇಳಿದ ನಮ್ಮ ಟೆಕ್ನಿಷಿಯನ್ನರನ್ನು ಅಂಗಡಿಯವಳು ಎರಡು ಸಲ ನೋಡಿದಳಂತೆ.

ರಕ್ತವನ್ನು ಶಿವಮೊಗ್ಗದವರೆಗೆ ಹೊತ್ತೊಯ್ದರೆ ಕಣಗಳು ಒಡೆಯುತ್ತವೆ, ಸಕ್ಕರೆ ಕರಗುತ್ತದೆ. ಹಾಗಾಗಿ ರಕ್ತ ತಿರುಗಿಸುವ ಸಣ್ಣ ಸೆಂಟ್ರಿಫ್ಯೂಜನ್ನು ಜಗಲಿಗೇ ತಂದೆವು. ಕೂದಲೆಳೆಯಷ್ಟು ಸಣ್ಣ ಗಾಜಿನ ನಳಿಗೆಯಲ್ಲಿ ಹಾಕಿ ಐದು ನಿಮಿಷ ತಿರುಗಿಸಿದರೆ ಕೆಂಪುಕಣ ಕೆಳಗೆ, ತಿಳಿ ಹಳದಿ ನೀರು ಮೇಲೆ. ನೂರು ಪಾಲಿನಲ್ಲಿ ಕೆಂಪು ಎಷ್ಟು ಎಂದು ಅಳತೆಪಟ್ಟಿಯ ಮೇಲೆ ಓದುವುದು. ಬಿಳಿಕಣಗಳನ್ನು ಯಂತ್ರ ಎಣಿಸುತ್ತಿತ್ತು, ಆದರೆ ಅದಕ್ಕೆ ಗೊತ್ತಿದ್ದುದು ನಾಯಿ, ಬೆಕ್ಕು, ದನ, ಕುದುರೆ ಅಷ್ಟೇ. ಬಾವಲಿಯನ್ನು ನಾಯಿ ಎಂದು ನಂಬಿಸಿ ಎಣಿಸಿದ ಅಂಕಿಗೆ ನಾನು ಸಹಿ ಹಾಕುವುದಿಲ್ಲ ಎಂದು ಟೆಕ್ನಿಷಿಯನ್ ಹಟ ಹಿಡಿದರು. ಪ್ರತಿ ಮಾದರಿಯನ್ನೂ ಸೂಕ್ಷ್ಮದರ್ಶಕದ ಕೆಳಗೆ ಕೈಯಲ್ಲೇ ಎಣಿಸಿದರು. ಒಂದಕ್ಕೆ ಮುಕ್ಕಾಲು ಗಂಟೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಮಾಡುತ್ತಿದ್ದ ಆ ಕೆಲಸದಲ್ಲಿ ನಾನು ಒಂದು ತಪ್ಪೂ ಕಾಣಲಿಲ್ಲ.

ತಪ್ಪು ಕಂಡಿದ್ದು ಸಕ್ಕರೆಯಲ್ಲಿ. ಮೂವತ್ತು ಬಾವಲಿಗಳಾಗುವ ಹೊತ್ತಿಗೆ ಸಕ್ಕರೆಯ ಅಂಕಿಗಳು ಎರಡು ಗುಂಪಾಗಿ ಒಡೆದುಕೊಂಡವು. ಒಂದು ಗುಂಪು ತಗ್ಗಿನಲ್ಲಿ, ಒಂದು ಗುಂಪು ಮುಗಿಲಿನಲ್ಲಿ, ನಡುವೆ ಬಯಲು. ಒಂದೇ ಮರದ, ಒಂದೇ ಹೊತ್ತಿನ ಬಾವಲಿಗಳಲ್ಲಿ ಹೀಗಾಗಬಾರದು. ಮೊದಲು ಸಕ್ಕರೆ ಅಳೆಯುವ ಸ್ಟ್ರಿಪ್‌ಗಳ ಮೇಲೆ ಸಂಶಯಪಟ್ಟು ಹೊಸ ಡಬ್ಬಿ ತರಿಸಿದೆ. ಆಮೇಲೆ ಗಾಬರಿಯ ಕಾರಣವಿರಬಹುದೆಂದು ಹೆಚ್ಚು ಕಿರುಚಿದವುಗಳನ್ನು ಬೇರೆ ಬರೆದೆ. ಆಮೇಲೆ ಗಂಡು ಹೆಣ್ಣು, ಆಮೇಲೆ ತೂಕ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎರಡು ತಿಂಗಳು ಕಳೆದವು. ಐವತ್ತೆರಡು ಬಾವಲಿಗಳಾದವು. ಮನೆಯಲ್ಲಿ, ಕ್ಲಾಸಿನಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ.

ಗಂಟು ಬಿಚ್ಚಿಕೊಂಡಿದ್ದು ಸಂಕ್ರಾಂತಿಯ ಮರುದಿನ. ಟೆಕ್ನಿಷಿಯನ್ ಅಂಕಿಗಳನ್ನು ಚೀಲದ ನಂಬರಿನ ಕ್ರಮದಲ್ಲಿ ಮತ್ತೆ ಬರೆದು ತಂದಿದ್ದರು. ಪ್ರತಿ ದಿನವೂ ಸಕ್ಕರೆ ಏರಿದ್ದು ಮೊದಲ ಎರಡು ಮೂರು ನಂಬರುಗಳಲ್ಲೇ. ಆ ನಂಬರುಗಳು ತೂಗುತ್ತಿದ್ದುದು ಅಡುಗೆಮನೆಯ ಬಾಗಿಲ ಬಳಿ. ನಾನು ಎದ್ದು ಹಗ್ಗದ ಆ ತುದಿಗೆ ಹೋದೆ. ಎರಡನೇ ನಂಬರಿನ ಚೀಲದ ಕೆಳತುದಿ ಕಂದಾಗಿ ಅಂಟಂಟಾಗಿತ್ತು. ಅಂಥ ಕಲೆಯನ್ನು ಮೊದಲೂ ನೋಡಿದ್ದೆ, ಹಣ್ಣಿನ ಉಗುಳು ಎಂದುಕೊಂಡಿದ್ದೆ. ಈಗ ಗೋಡೆಯಿಂದ ಹಗ್ಗಕ್ಕೆ, ಹಗ್ಗದಿಂದ ಚೀಲಕ್ಕೆ ಇರುವೆಗಳ ಸಾಲು ಹತ್ತಿತ್ತು. ನಮ್ಮ ಮೇಜಿನ ಕಡೆಯ ಚೀಲಗಳಲ್ಲಿ ಒಂದು ಇರುವೆಯೂ ಇರಲಿಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ ಬೆಲ್ಲದ ನೀರಿನ ಚೊಂಬು ಇತ್ತು. ಅದರ ಪಕ್ಕ ಒಂದು ಒಳಲೆ, ಹಸುಗೂಸುಗಳಿಗೆ ಹಾಲು ಕುಡಿಸುವ ಹಿತ್ತಾಳೆಯ ಒಳಲೆ. ಟೈಲರಮ್ಮ ಮುಚ್ಚಿಡಲು ನೋಡಲಿಲ್ಲ. ಚೀಲ ಬಿಚ್ಚಿಲ್ಲ, ಬಟ್ಟೆಯ ಮೇಲೇ ಹನಿ ಹನಿ ಬಿಡುತ್ತೇನೆ, ಒಳಗಿಂದ ನೆಕ್ಕಿಕೊಳ್ಳುತ್ತವೆ ಎಂದು ಸಮಾಧಾನವಾಗಿ ಹೇಳಿದರು. ನಾನು ಕೂಗಾಡಿದೆ. ಕಚ್ಚಿದ್ದರೆ ಏನು ಗತಿ, ಎರಡು ತಿಂಗಳ ಕೆಲಸ ಏನಾಯಿತು ಗೊತ್ತೇ, ಯಾರನ್ನು ಕೇಳಿ ಮಾಡಿದಿರಿ ಎಂದೆಲ್ಲ ಬಾಯಿಗೆ ಬಂದಂತೆ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬಿಸ್ಲಲ್ಲಿ ಬಂದೋರಿಗೆ ಬೆಲ್ಲ ನೀರು ಕೊಡ್ದೆ ಕಳ್ಸಿದ ಮನೆ ಅಲ್ಲ ಇದು ಡಾಕ್ಟ್ರಮ್ಮ. ನೀವು ರಕ್ತ ಬೇರೆ ತೆಗೀತೀರ. ಬರೀ ಹೊಟ್ಟೇಲಿ ರಕ್ತ ಕೊಡ್ಸೋದು ಯಾವ ನ್ಯಾಯ? ನಿಮ್ಮ ಕಣ್ಣಿಗೆ ಬೀಳದೆ ಎಷ್ಟಕ್ಕೆ ಆಗುತ್ತೋ ಅಷ್ಟಕ್ಕೆ ಕೊಟ್ಟೆ."

ಆಮೇಲೆ ನಾನು ಹೇಳಿದ್ದರ ಅರ್ಥ ಅವರಿಗೆ ನಿಧಾನವಾಗಿ ಇಳಿಯಿತು. ಮರ ಉಳಿಸಬೇಕಾದ ಪಟ್ಟಿಯನ್ನು ತಾವೇ ಕೆಡಿಸಿದ್ದು ಗೊತ್ತಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತರು. ಯಂತ್ರ ತುಳಿಯಲಿಲ್ಲ. ಕೂಗಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಅಂದೇ ಅವರನ್ನು ಕರೆದೊಯ್ದು ರೇಬೀಸ್ ಚುಚ್ಚುಮದ್ದು ಶುರುಮಾಡಿಸಿದೆ.

ಉಳಿದದ್ದು ತೀರ್ಮಾನ. ಶಿವಮೊಗ್ಗದಲ್ಲಿ ಒಬ್ಬ ಹಿರಿಯ ಸಹೋದ್ಯೋಗಿಯನ್ನು ಕೇಳಿದೆ. ಸಕ್ಕರೆ ಏರಿದವುಗಳನ್ನು ಮಾತ್ರ ತೆಗೆದುಹಾಕು, ಉಳಿದದ್ದನ್ನು ಇಟ್ಟುಕೊ, ಯಾರಿಗೆ ಗೊತ್ತಾಗುತ್ತದೆ, ಪಟ್ಟಿ ನೋಡಲು ಚಂದವಾಗೇ ಇರುತ್ತದೆ ಎಂದರು. ಕೇಳಲು ಹಿತವಾದ ಮಾತು. ಆದರೆ ಒಂದೆರಡು ಹನಿ ಮಾತ್ರ ಕುಡಿದು ಸಕ್ಕರೆ ಏರದೆ ಉಳಿದವು ಯಾವುವು? ನೀರು ಕುಡಿದ ಪ್ರಾಣಿಯ ರಕ್ತ ತೆಳುವಾಗುತ್ತದೆ, ಕೆಂಪುಕಣದ ಪಾಲು ಇಳಿಯುತ್ತದೆ. ಬೇಸಿಗೆಯಲ್ಲಿ ಪ್ರಾಣಿಯ ಮೈಯ ನೀರು ಬತ್ತಿದೆಯೇ ಎಂದು ತಿಳಿಯಲು ನನಗೆ ಬೇಕಾದದ್ದೇ ಆ ಪಾಲು. ಯಾವ ಚೀಲಕ್ಕೆ ಎಷ್ಟು ಎಂದು ಟೈಲರಮ್ಮನಿಗೂ ನೆನಪಿರಲಿಲ್ಲ. ಎಲ್ಲವನ್ನೂ ಬಿಟ್ಟರೆ, ಅನುಮತಿಯ ನೂರಿಪ್ಪತ್ತರಲ್ಲಿ ಉಳಿಯುವುದು ಅರವತ್ತೆಂಟು. ಗಟ್ಟಿ ಗೆರೆಯ ಆಸೆ ಅಲ್ಲಿಗೆ ಮುಗಿಯಿತು. ಸಮಯವೂ ಹತ್ತೇ ವಾರ.

ಟೆಕ್ನಿಷಿಯನ್ನರ ಕಡೆ ನೋಡಿದೆ. ಐವತ್ತೆರಡು ಸಲ ಮುಕ್ಕಾಲು ಗಂಟೆ ಕಣ್ಣು ಕೀಲಿಸಿ ಎಣಿಸಿದವರು ಅವರು. ಕಳೆದುಕೊಳ್ಳುವುದು ನನಗಿಂತ ಅವರದೇ ಹೆಚ್ಚು. "ಎಣಿಸೋಕೆ ಕೂತ್ಕೊಂಡ್ರೆ ನಂಗೆ ಬೇಜಾರಿಲ್ಲ ಮೇಡಂ. ಸುಳ್ಳು ಎಣಿಸಿದ್ದೀನಿ ಅಂತ ಮನೇಲಿ ಕೂತ್ಕೊಂಡು ನೆನೆಸ್ಕೊಳ್ಳೋಕೆ ಬೇಜಾರು" ಎಂದರು. ನಾನು ಹಳೆಯ ಹಾಳೆಗಳ ಮೇಲೆ ಅಡ್ಡಗೆರೆ ಎಳೆದು, ಕಾರಣ ಬರೆದು, ದಿನಾಂಕ ಹಾಕಿ ಸಹಿ ಮಾಡಿದೆ. ಮರುದಿನ ಒಂದನೇ ನಂಬರಿನಿಂದ ಶುರುಮಾಡಿದೆವು.

ಟೈಲರಮ್ಮನನ್ನು ಹಗ್ಗದಿಂದ ದೂರ ಇಡುವುದು ಸುಲಭವಿತ್ತು. ಅದರ ಬದಲು ನಾನು ಹಗ್ಗದ ಕಾವಲೇ ಅವರಿಗೆ ಒಪ್ಪಿಸಿದೆ. ಕೈಗವಸು, ಮಾಸ್ಕ್, ಒಂದು ಗಡಿಯಾರ, ಒಂದು ಪುಸ್ತಕ. ಚೀಲ ತೂಗಿದ ಹೊತ್ತು, ಇಳಿಸಿದ ಹೊತ್ತು ಬರೆಯುವುದು, ನಡುವೆ ಯಾರೂ ಹತ್ತಿರ ಹೋಗದಂತೆ ನೋಡಿಕೊಳ್ಳುವುದು. ರಕ್ತ ತೆಗೆದು ಉಗುರಿಗೆ ಬಣ್ಣ ಹಚ್ಚಿದ ಮೇಲೆ, ಬಿಡುವ ಮುನ್ನ, ನಾನು ಸಿರಿಂಜಿನಿಂದ ಅವರ ಬೆಲ್ಲದ ನೀರು ಕುಡಿಸುತ್ತೇನೆ ಎಂದು ಮಾತು ಕೊಟ್ಟೆ. ಅದು ವೈದ್ಯಕ್ಕೂ ಸರಿಯಾದದ್ದೇ, ರಕ್ತ ಕೊಟ್ಟ ಪ್ರಾಣಿ ಬಳಲಿ ಹಾರಬಾರದು. ಅವತ್ತಿನಿಂದ ನಾನೇ ಹಗ್ಗದ ಹತ್ತಿರ ಕಾರಣವಿಲ್ಲದೆ ಹೋದರೆ ಬೈಸಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಚೀಲ ಇಳಿಸಲು ಕೈಹಾಕಿದಾಗ, ಕೈ ತೆಗೀರಿ, ಅಳತೆ ತಪ್ಪಿದರೆ ಬಟ್ಟೆ ಹಾಳು ಎಂದರು.

ಆದರೆ ಫೆಬ್ರವರಿ ಬಂದಾಗ ಇನ್ನೊಂದು ತೊಡಕು. ಬಲೆಗೆ ಬಿದ್ದ ಹೆಣ್ಣುಗಳಲ್ಲಿ ಬಹುಪಾಲು ತುಂಬು ಗಬ್ಬದವು, ಕೆಲವು ಎದೆಗೆ ಮರಿ ಅಂಟಿಸಿಕೊಂಡವು. ಅವುಗಳ ರಕ್ತ ಸಹಜ ಪಟ್ಟಿಗೆ ಬರುವುದಿಲ್ಲ, ತೆಗೆಯುವುದೂ ತರವಲ್ಲ. ನೋಡಿದ ತಕ್ಷಣ ಬಿಟ್ಟುಬಿಡುತ್ತಿದ್ದೆವು. ದಿನಕ್ಕೆ ಎಂಟು ಸಿಕ್ಕರೆ ಎರಡು ಉಳಿಯುತ್ತಿದ್ದವು. ದೋಟಿಯವನು ಬಲೆಯನ್ನು ಒಂದು ಮಾರು ಮೇಲಕ್ಕೇರಿಸಿ, ಮರದ ಆಚೆ ಬದಿಗೆ ತಿರುಗಿಸಿ ನೋಡೋಣ ಎಂದ. ತಾಯಂದಿರು ನಡುಮರದ ದಟ್ಟ ನೆರಳಿನಲ್ಲಿ, ಗಂಡುಗಳು ಹೊರಗಿನ ತುದಿಯಲ್ಲಿ ಕೂರುವುದನ್ನು ಅವನು ಕೆಳಗೆ ನಿಂತೇ ಗುರುತಿಸಿದ್ದ. ಅದು ಸರಿಯಾಯಿತು. ಮಾರ್ಚ್ ಕೊನೆಯ ವಾರದಲ್ಲಿ ಅರವತ್ತೆಂಟನೆಯ ಬಾವಲಿ, ಕಿವಿ ಹರಿದ ದಡೂತಿ ಗಂಡು, ಕಾಲುಗುರಿಗೆ ಬಣ್ಣ ಹಚ್ಚಿಸಿಕೊಂಡು ನನ್ನ ಕೈಗವಸಿಗೆ ಹಲ್ಲು ಊರಿ ಹಾರಿಹೋಯಿತು. ನಾಲ್ಕು ಮಾದರಿಗಳು ಹೆಪ್ಪುಗಟ್ಟಿ ಹಾಳಾಗಿದ್ದವು. ಅರವತ್ತನಾಲ್ಕು ಉಳಿದವು.

ಆ ಅರವತ್ತನಾಲ್ಕರ ಸಕ್ಕರೆಯ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹಾಕಿದಾಗ ಒಂದೇ ಗುಡ್ಡ ಎದ್ದಿತು, ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಕೆಂಪುಕಣದ ಪಾಲೂ ಹಾಗೇ. ನಾನು ಕುರ್ಚಿಯಿಂದ ಎದ್ದು ಕುಣಿದೆ. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿ ಕುಣಿದೆ, ಐವತ್ತೊಂದರ ವಯಸ್ಸಿನಲ್ಲಿ. ಟೆಕ್ನಿಷಿಯನ್ ಬಾಗಿಲು ಮುಚ್ಚಿದರು, ಮಕ್ಕಳು ನೋಡುತ್ತಾರೆ ಎಂದು. ಪ್ರಾಣಿಗಳು ಕಡಿಮೆಯಾದ್ದರಿಂದ ಗೆರೆಗಳು ಸ್ವಲ್ಪ ಅಗಲ, ಅದನ್ನು ಕೆಳಗೆ ಸ್ಪಷ್ಟವಾಗಿ ಬರೆದೆ. ಆದರೆ ಗೆರೆಗಳು ಇದ್ದವು. ಗಂಟಲು ದ್ರವದ ವರದಿಯೂ ಬಂತು, ಕಳಿಸಿದ ಮಾದರಿಗಳಲ್ಲಿ ವೈರಸ್ ಕಂಡಿರಲಿಲ್ಲ. ಮುಂದೆಂದೂ ಇರುವುದಿಲ್ಲ ಎಂದು ಇದರ ಅರ್ಥವಲ್ಲ ಎಂದು ಅದನ್ನೂ ಎಲ್ಲರಿಗೂ ಹೇಳಿದೆ.

ಪರೀಕ್ಷೆ ಬಂದಿದ್ದು ಏಪ್ರಿಲ್ ಕೊನೆಯಲ್ಲಿ. ಗಾಳಿಯಾಡದ ಒಂದು ಮಧ್ಯಾಹ್ನ ಟೈಲರಮ್ಮ ಫೋನ್ ಮಾಡಿ, ಬೀಳುತ್ತಿವೆ ಬನ್ನಿ ಎಂದಷ್ಟೇ ಹೇಳಿದರು. ನಾವು ಸೆಂಟ್ರಿಫ್ಯೂಜ್, ಸೂಕ್ಷ್ಮದರ್ಶಕ ಹೊತ್ತು ಓಡಿದೆವು. ಅಷ್ಟರಲ್ಲಿ ಹಿತ್ತಲಲ್ಲಿ ವಾರ್ಡಿನ ಸದಸ್ಯರು, ಮಹಜರು ಬರೆಯಲು ಬಂದ ಆರೋಗ್ಯ ನಿರೀಕ್ಷಕರು, ಹೊರಗೆ ಲಗೇಜ್ ಆಟೋದಲ್ಲಿ ಗರಗಸ, ಹಗ್ಗ ಸಮೇತ ಮರ ಕೊಯ್ಯುವ ನಾಲ್ವರು. ಬೀದಿಯ ಜನ ಗೇಟಿನ ಹೊರಗೆ. ಬಾವಲಿಗಳು ಕೊಂಬೆಗಳಿಂದ ಕಾಂಡಕ್ಕೆ ಇಳಿದು, ರೆಕ್ಕೆ ಬೀಸಿಕೊಳ್ಳಲೂ ತ್ರಾಣವಿಲ್ಲದೆ ಒಂದರ ಮೇಲೊಂದು ಜೋತುಬಿದ್ದಿದ್ದವು. ಟೈಲರಮ್ಮ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದರು.

ಅರ್ಧ ಗಂಟೆ ಕೊಡಿ ಎಂದು ಕೇಳಿದೆ. ಸದಸ್ಯರು ಗಡಿಯಾರ ನೋಡಿದರು, ಬೇಡವೆನ್ನಲಿಲ್ಲ. ಕಾಯಿಲೆ ಬಿದ್ದವುಗಳ ಚಿಕಿತ್ಸೆಗೆ ಅರಣ್ಯ ಇಲಾಖೆಯಿಂದ ಬೇರೆ ಅನುಮತಿ ತೆಗೆದಿಟ್ಟುಕೊಂಡಿದ್ದೆ. ಕೆಳಗೆ ಬಿದ್ದು ಏದುಸಿರು ಬಿಡುತ್ತಿದ್ದ ಆರು ಬಾವಲಿಗಳಿಂದ ರಕ್ತ ತೆಗೆದೆವು. ಐದು ನಿಮಿಷ ಸೆಂಟ್ರಿಫ್ಯೂಜ್ ಗುಂಯ್ ಎನ್ನುವುದನ್ನು ಇಡೀ ಹಿತ್ತಲು ಕೇಳಿಸಿಕೊಂಡಿತು. ನಳಿಗೆಗಳನ್ನು ಅಳತೆಪಟ್ಟಿಯ ಮೇಲಿಟ್ಟೆ. ಆರಕ್ಕೆ ಆರರಲ್ಲೂ ಕೆಂಪುಕಣದ ಪಾಲು ನಮ್ಮ ಮೇಲಿನ ಗೆರೆಯನ್ನು ದಾಟಿ ಎಲ್ಲಿಗೋ ಹೋಗಿತ್ತು. ರಕ್ತದ ಪ್ರೋಟೀನೂ ಹಾಗೇ. ಅಷ್ಟರಲ್ಲಿ ಗಾಜಿನ ಮೇಲೆ ಸವರಿದ ರಕ್ತವನ್ನು ನೋಡಿದ ಟೆಕ್ನಿಷಿಯನ್, ಪೂರ್ತಿ ಎಣಿಸಲು ಹೊತ್ತಿಲ್ಲ, ಕಣ್ಣಂದಾಜಿಗೆ ಬಿಳಿಕಣಗಳು ಗೆರೆಯ ಒಳಗೇ ಇವೆ ಎಂದರು. ನೀರು ಬತ್ತಿದ ರಕ್ತ. ಸೋಂಕಿನ ಗುರುತು ಅದರಲ್ಲಿ ಕಾಣಲಿಲ್ಲ.

ಸದಸ್ಯರನ್ನು ಮೇಜಿನ ಹತ್ತಿರ ಕರೆದೆ. ಅಳತೆಪಟ್ಟಿಯ ಮೇಲೆ ಆರೋಗ್ಯವಂತ ಬಾವಲಿಯ ಕೆಂಪು ಎಲ್ಲಿಯವರೆಗೆ ಬರಬೇಕೆಂದು ಬೆರಳಿಟ್ಟು ತೋರಿಸಿದೆ. ಪಕ್ಕದಲ್ಲಿ ಇವತ್ತಿನ ನಳಿಗೆ ಇಟ್ಟೆ. ಕೆಂಪು ಹೆಚ್ಚುಕಡಿಮೆ ತುದಿಯವರೆಗೆ, ಮೇಲೆ ಹಳದಿ ನೀರು ಉಗುರಿನ ಅಂಚಿನಷ್ಟು. ಓದುಬರಹ ಬಾರದವರಿಗೂ ಅದು ಕಾಣುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ ಆರೂ ನಳಿಗೆಗಳನ್ನು ಒಂದೊಂದಾಗಿ ನೋಡಿದರು. ಆರೋಗ್ಯ ನಿರೀಕ್ಷಕರು ಮಹಜರಿನ ಹಾಳೆ ತಿರುವಿ, ರೋಗದ ಹೆಸರು ಎಂಬ ಕಾಲಂ ಇದೆ, ಏನು ಬರೆಯಲಿ ಎಂದು ಕೇಳಿದರು.

"ಬಾಯಾರಿಕೆ ಅಂತ ಬರೀರಿ" ಎಂದೆ.

ಅವರು ಪೆನ್ನು ಎತ್ತಿ ಸದಸ್ಯರ ಮುಖ ನೋಡಿದರು. ಸದಸ್ಯರು ಮರದ ಕಡೆ ತಿರುಗಿ ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ನೀರಿನ ಟ್ಯಾಂಕರಿನವನಿಗೆ ಮಾಡಿ, ಇರುವ ಕೆಲಸ ಬಿಟ್ಟು ತಕ್ಷಣ ಬಾ ಎಂದರು. ನನ್ನ ಕಡೆ ತಿರುಗಿ, "ಮರದ ಮಾತು ಬಿಟ್ಹಾಕಿ ಮೇಡಂ. ನೀರು ಎಷ್ಟೆತ್ತರಕ್ಕೆ ಹೋಗ್ಬೇಕು, ಅದು ಹೇಳಿ" ಎಂದರು.

ಟ್ಯಾಂಕರಿನ ಪೈಪು ಮೇಲಿನ ಕೊಂಬೆಗಳಿಗೆ ಮುಟ್ಟುತ್ತಿರಲಿಲ್ಲ. ಮರ ಕೊಯ್ಯಲು ಬಂದ ನಾಲ್ವರಲ್ಲಿ ಹಿರಿಯವನು ಯಾರೂ ಹೇಳದೆಯೇ ಗರಗಸ ಕೆಳಗಿಟ್ಟು, ನಾನು ಕೊಟ್ಟ ಮಾಸ್ಕು ಗವಸು ಹಾಕಿಕೊಂಡು, ಸೊಂಟಕ್ಕೆ ಪೈಪಿನ ತುದಿ ಕಟ್ಟಿಕೊಂಡು ಪಕ್ಕದ ತೆಂಗಿನಮರ ಹತ್ತಿದ. ಮಳೆಮರಗಳ ಮೇಲೆ ಮಳೆಯಂತೆ ನೀರು ಸುರಿಯಿತು. ಬಾವಲಿಗಳು ರೆಕ್ಕೆ ನೆಕ್ಕತೊಡಗಿದವು. ನಾವು ಕೆಳಗೆ ಬಿದ್ದ ಮೂವತ್ತೊಂದನ್ನು ಜಗಲಿಯ ನೆರಳಿಗೆ ತಂದು, ಚರ್ಮದ ಕೆಳಗೆ ಸಲೈನ್ ಕೊಟ್ಟು, ಒದ್ದೆ ಬಟ್ಟೆ ಹೊದಿಸಿ, ಒಂದೊಂದನ್ನೇ ಮತ್ತೆ ಹಗ್ಗಕ್ಕೆ ತೂಗುಹಾಕಿದೆವು. ಎರಡು ಗಂಟೆಯ ಮೇಲೆ ಕೆಂಪುಕಣದ ಪಾಲು ಮತ್ತೆ ನೋಡಿದೆ. ಇಳಿಯುತ್ತಿತ್ತು. ನಾನು ಯಾರ ಮುಂದೆಯೂ ಸುಲಭವಾಗಿ ಅಳುವವಳಲ್ಲ, ಅವತ್ತು ಮುಖದ ಪರದೆಯ ಹಿಂದೆ ಅತ್ತೆ.

ಸೂರ್ಯ ಮುಳುಗಿದ ಮೇಲೆ ಮರದ ಮೇಲಿನ ದಂಡು ಎಂದಿನಂತೆ ಭದ್ರೆಯ ಕಡೆ ಹೊರಟಿತು. ಹಗ್ಗದ ಮೇಲಿನವೂ ಒಂದೊಂದಾಗಿ ಕದಲಿದವು. ನಾವು ಅವುಗಳನ್ನು ಮರದ ಕಾಂಡಕ್ಕೆ ಹಚ್ಚಿದೆವು; ಉಗುರು ಊರಿ ಮೇಲೇರಿ, ಕೊಂಬೆಯ ತುದಿಯಿಂದ ಬಿಟ್ಟುಕೊಂಡು ಹಾರಿದವು. ಮೂರು ಉಳಿಯಲಿಲ್ಲ. ಇಪ್ಪತ್ತೇಳು ಹೋದವು. ಕೊನೆಯದೊಂದು ಎಳೆಯ ಹೆಣ್ಣು ಕಾಂಡದ ಅರ್ಧಕ್ಕೇರಿ ನಿಂತುಬಿಟ್ಟಿತು. ಟೈಲರಮ್ಮ, ಟೆಕ್ನಿಷಿಯನ್, ಸದಸ್ಯರು, ಗೇಟಿನ ಹೊರಗಿನ ಜನ, ಎಲ್ಲರೂ ಕತ್ತೆತ್ತಿ ಅದನ್ನೇ ನೋಡಿದರು. ಅದು ಇನ್ನೊಂದು ಮೊಳ ಏರಿತು, ರೆಕ್ಕೆ ಬಿಚ್ಚಿ ಒದರಿಕೊಂಡಿತು, ಮತ್ತೆ ನಿಂತಿತು. ಆಮೇಲೆ ಕೈಬಿಟ್ಟು ನಮ್ಮ ತಲೆಯ ಮೇಲೇ ಹಾದು, ಶೀಟಿನ ಮಾಡು ದಾಟಿ, ಹೊಳೆಯ ಕಡೆ ಹಾರಿತು.